ಬಿಳಿ ಪಟ್ಟಿಯ ಟೈರು: ಹಾಲಿನ ಬಣ್ಣ, ಮಸಿಯ ಬಲ



ಈ ಹೊತ್ತು ನಿಮ್ಮೊಡನೆ ಮಾತಾಡಬೇಕೆಂದಿರುವುದು ಒಂದು ಪಟ್ಟಿಯ ವಿಷಯ. ಮತದಾರರ ಪಟ್ಟಿಯಲ್ಲ, ಜಮೀನಿನ ಪಟ್ಟಿಯೂ ಅಲ್ಲ. ಕಾರಿನ ಟೈರಿನ ಪಕ್ಕೆಯಲ್ಲಿ ಬಳೆ ತೊಡಿಸಿದಂತೆ ಸುತ್ತಲೂ ಕಾಣುವ ಬಿಳಿ ಪಟ್ಟಿ. ಹಳೆಯ ಸಿನಿಮಾಗಳಲ್ಲಿ ಸಾಹುಕಾರರ ಉದ್ದನೆಯ ಕಾರು ಬಂಗಲೆಯ ಮುಂದೆ ಬಂದು ನಿಲ್ಲುವಾಗ ನೀವು ಅದನ್ನು ನೋಡಿರುತ್ತೀರಿ. ಈಗ ಆ ಪಟ್ಟಿಯ ಮೇಲೆ ಕೆಲವರಿಗೆ ಮತ್ತೆ ಮೋಹ ಹುಟ್ಟಿದೆ. ಹಳೆಯ ಕಾರನ್ನು ಜತನವಾಗಿ ಇಟ್ಟುಕೊಂಡವರಿಗೆ ಅದು ಬೇಕು. ಮದುವೆಯ ದಿಬ್ಬಣಕ್ಕೆ ಕಾರು ಬಾಡಿಗೆ ಕೊಡುವವರಿಗೆ ಬೇಕು. ಹೊಸ ಕಾರಿಗೆ ಹಳೆಯ ಕಾಲದ ಚೆಲುವು ಬರಲಿ ಎನ್ನುವ ತರುಣರಿಗೂ ಬೇಕು. ಹೊಸ ಕಾರಿಗೆ ಅದನ್ನು ಹಾಕಿಸಬಹುದೇ, ಹಾಕಿಸಿದರೆ ಕ್ಷೇಮವೇ ಎಂಬುದು ಪ್ರಶ್ನೆ. ಉತ್ತರ ತಿಳಿಯಬೇಕಾದರೆ ಆ ಬಿಳುಪು ಅಲ್ಲಿಗೆ ಹೇಗೆ ಬಂತು ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಟೈರಿನ ಸಹಜವಾದ ಬಣ್ಣ ಯಾವುದು? ಕಪ್ಪು ಎಂದು ನಿಮ್ಮಲ್ಲಿ ಹೆಚ್ಚಿನವರು ಥಟ್ಟನೆ ಹೇಳುತ್ತೀರಿ. ಕಾಸರಗೋಡಿನ ಮತ್ತು ವಯನಾಡಿನ ಕೇಳುಗರು ಮಾತ್ರ ಸ್ವಲ್ಪ ತಡೆಯುತ್ತಾರೆ. ಅವರ ಊರಿನಲ್ಲಿ ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ರಬ್ಬರು ಕೊಯ್ಯುವವರು ತೋಟಕ್ಕೆ ಹೋಗುತ್ತಾರೆ. ತೊಗಟೆಯ ಮೇಲೆ ಓರೆಯಾಗಿ ಗೀರಿದರೆ ಗೆರಟೆಗೆ ತೊಟ್ಟಿಕ್ಕುವುದು ಹಾಲು, ಅಚ್ಚ ಬಿಳಿಯ ಹಾಲು. ಮಲಯಾಳದಲ್ಲಿ ಅದು ರಬ್ಬರ್ ಪಾಲ್. ಹಾಲು ಎಂದರೂ ಪಾಲು ಎಂದರೂ ಮಾತು ಒಂದೇ, ಉಚ್ಚಾರ ಎರಡು. ಜತ್ತ, ಅಕ್ಕಲಕೋಟೆಯ ಕಡೆ ಗಿಡದ ಹಾಲಿಗೆ ಮರಾಠಿಯಲ್ಲಿ ಚೀಕ್ ಎನ್ನುತ್ತಾರೆ. ಆ ಹಾಲಿಗೆ ಆಸಿಡ್ ಬೆರೆಸಿ ಹೆಪ್ಪುಗಟ್ಟಿಸಿ, ಮೆಷಿನಿಗೆ ಕೊಟ್ಟು ಒತ್ತಿ, ಶೀಟು ಮಾಡಿ, ಹೊಗೆಯಲ್ಲಿ ಒಣಗಿಸಿದಾಗ ಜೇನಿನ ಬಣ್ಣ ಬರುತ್ತದೆ. ಇಷ್ಟರವರೆಗೆ ಎಲ್ಲಿಯೂ ಕಪ್ಪು ಇಲ್ಲ. ಹಾಗಾದರೆ ಟೈರು ಕಪ್ಪಾದದ್ದು ಯಾವಾಗ?

ಗಾಳಿ ತುಂಬಿದ ಟೈರಿಗೆ ಮೊದಲು ಪೇಟೆಂಟು ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರ್. ಅದು 1845ನೇ ಇಸವಿ. ಆಗ ಕಾರೂ ಇರಲಿಲ್ಲ, ಇಂದಿನಂಥ ಸೈಕಲ್ಲೂ ಇರಲಿಲ್ಲ. ಹಾಗಾಗಿ ಜನ ಅದನ್ನು ಮರೆತುಬಿಟ್ಟರು. ನಲವತ್ತು ವರ್ಷಗಳ ಮೇಲೆ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನಲ್ಲಿ ದನಕುದುರೆಗಳ ವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಎಂಬಾತ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಬಟ್ಟೆ ಸುತ್ತಿ, ಗಾಲಿಗೆ ಬಿಗಿದ. 1888ರಲ್ಲಿ ಅವನ ಹೆಸರಿಗೆ ಪೇಟೆಂಟಾಯಿತು. ಥಾಮ್ಸನ್ನನ ಹಳೆಯ ಪೇಟೆಂಟು ಬೆಳಕಿಗೆ ಬಂದಮೇಲೆ ಡನ್‌ಲಪ್‌ನದು ಬಿದ್ದುಹೋಯಿತು, ಆದರೆ ಹೆಸರು ಉಳಿಯಿತು. 1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಗಾಳಿ ಟೈರು ಹಾಕಿದ ಕಾರನ್ನು ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿಬರುವ ಪಂದ್ಯದಲ್ಲಿ ಓಡಿಸಿದರು. ಆ ಕಂಪನಿಯ ಗುರುತಿನ ಗೊಂಬೆಯನ್ನು ನೀವು ಪೆಟ್ರೋಲ್ ಬಂಕಿನ ಬಳಿ, ಟೈರು ಅಂಗಡಿಯ ಬೋರ್ಡಿನಲ್ಲಿ ನೋಡಿರಬಹುದು. ಟೈರುಗಳನ್ನೇ ಒಂದರ ಮೇಲೊಂದು ಪೇರಿಸಿದಂಥ ಮೈಯ ಗುಂಡುಗುಂಡಗಿನ ಮನುಷ್ಯ. ಟೈರಿನಿಂದಾದ ಮನುಷ್ಯ ಕಪ್ಪಗಿರಬೇಕಲ್ಲ, ಅವನೇಕೆ ಬಿಳಿ? ಉತ್ತರ ಸರಳ. ಅವನು ಹುಟ್ಟಿದ್ದು 1898ರಲ್ಲಿ. ಆಗಿನ ಟೈರುಗಳು ಬಿಳಿಯಾಗಿಯೋ ನಸುಬೂದಿಯಾಗಿಯೋ ಇರುತ್ತಿದ್ದವು.

ಬರೀ ರಬ್ಬರಿನ ಟೈರು ಮೆತ್ತಗೆ, ಬೇಗ ಸವೆಯುತ್ತದೆ. ಅದಕ್ಕೆ ಕಸುವು ಬರಲೆಂದು ಸತುವಿನ ಆಕ್ಸೈಡ್ ಎಂಬ ಬಿಳಿಯ ಪುಡಿಯನ್ನು ಕಾರ್ಖಾನೆಯವರು ಕಲಸುತ್ತಿದ್ದರು. ಬಿಳಿಯ ಹಾಲಿಗೆ ಬಿಳಿಯ ಪುಡಿ ಸೇರಿ ಟೈರು ಇನ್ನಷ್ಟು ಬಿಳಿಯಾಯಿತು.

ಆದರೆ ಬಂಧುಗಳೇ, ಆ ಬಿಳುಪು ಶುಭ್ರವಾದ ಬಿಳುಪಾಗಿರಲಿಲ್ಲ. ಯುರೋಪು ಅಮೆರಿಕಗಳಲ್ಲಿ ಸೈಕಲ್ಲು, ಕಾರುಗಳ ಹುಚ್ಚು ಏರಿದಾಗ ರಬ್ಬರಿನ ಬೆಲೆಯೂ ಏರಿತು. ಆಗ ರಬ್ಬರು ಬರುತ್ತಿದ್ದದ್ದು ತೋಟದಿಂದಲ್ಲ, ಕಾಡಿನಿಂದ. ಆಫ್ರಿಕದ ಕಾಂಗೋ ದೇಶವನ್ನು ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೋಪಾಲ್ಡ್ 1885ರಿಂದ 1908ರವರೆಗೆ ತನ್ನ ಸ್ವಂತ ಆಸ್ತಿಯಂತೆ ಆಳಿದ. ಊರೂರಿಗೆ ಇಷ್ಟು ರಬ್ಬರು ತರಬೇಕೆಂದು ಕಟ್ಟಳೆ ಹಾಕಿದರು. ತರಲಾರದ ಊರುಗಳನ್ನು ಸುಟ್ಟರು, ಹೆಂಗಸರು ಮಕ್ಕಳನ್ನು ಒತ್ತೆ ಹಿಡಿದರು, ಜನರ ಕೈ ಕತ್ತರಿಸಿದರು. ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್ಮೆಂಟ್ 1904ರಲ್ಲಿ ಪ್ರಕಟವಾದ ವರದಿಯಲ್ಲಿ ಇದನ್ನು ಲೋಕದ ಮುಂದಿಟ್ಟ. ಮುಂದೆ ದಕ್ಷಿಣ ಅಮೆರಿಕದ ಪುಟುಮಾಯೋ ನದಿಯ ಕಾಡಿನಲ್ಲಿ ಮೂಲನಿವಾಸಿಗಳನ್ನು ಇದೇ ರಬ್ಬರಿಗಾಗಿ ಹಿಂಸಿಸಿದ್ದನ್ನೂ ಅವನೇ ಹೊರಗೆ ತಂದ. ಪ್ಯಾರಿಸ್ಸಿನ ಬೀದಿಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಗಾಲಿಗಳ ಹಿಂದೆ ಇಂಥ ಕತ್ತಲೆ ಇತ್ತು.

ಈ ಕಾಡು ರಬ್ಬರಿನ ಕಾಲವನ್ನು ಮುಗಿಸಿದ್ದು ತೋಟದ ರಬ್ಬರು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವನು ಬ್ರೆಜಿಲಿನಿಂದ ಸುಮಾರು 70,000 ರಬ್ಬರು ಬೀಜಗಳನ್ನು ಹಡಗಿನಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಂದ. ಮೊಳೆತವು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳು ಸಿಂಹಳಕ್ಕೆ ಬಂದವು, ಅಲ್ಲಿಂದ ಮಲಯಾ ಮೊದಲಾದ ಕಡೆಗೆ ಹಬ್ಬಿದವು. ನಮ್ಮ ದೇಶದಲ್ಲಿ ವ್ಯಾಪಾರಕ್ಕೆಂದು ಮಾಡಿದ ಮೊದಲ ರಬ್ಬರು ತೋಟ 1902ರಲ್ಲಿ ಕೇರಳದ ಪೆರಿಯಾರ್ ನದಿಯ ದಂಡೆಯ ತಟ್ಟೇಕ್ಕಾಡಿನಲ್ಲಿ ಎದ್ದಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ತಿರುವಾಂಕೂರಿನ ಕಡೆಯ ರೈತರು ಮಲಬಾರಿಗೆ ವಲಸೆ ಬಂದರು. ಮರಗೆಣಸು, ಕರಿಮೆಣಸುಗಳ ಜೊತೆಗೆ ರಬ್ಬರನ್ನೂ ತಂದರು. ವಯನಾಡಿನ, ಕಾಸರಗೋಡಿನ ಗುಡ್ಡಗಳಿಗೆ ರಬ್ಬರು ಏರಿದ್ದು ಹೀಗೆ. ಗಡಿಯ ಈಚೆ ಸುಳ್ಯ, ಪುತ್ತೂರುಗಳಲ್ಲಿಯೂ ಇಂದು ಅದೇ ಮರ, ಅದೇ ಗೆರಟೆ. ರಾಜ್ಯದ ಗೆರೆ ಎಳೆದದ್ದು ಮನುಷ್ಯರು. ಮರಕ್ಕೆ ಮಳೆ ಮತ್ತು ಮಣ್ಣು ಹಿಡಿಸಿದರೆ ಸಾಕು.

ಇನ್ನು ಮಸಿಯ ಕಥೆಗೆ ಬರೋಣ. ದೀಪದ ಮೇಲೆ ತಟ್ಟೆ ಹಿಡಿದು ಮಸಿ ಕಟ್ಟಿಸಿ, ಅದಕ್ಕೆ ಎಣ್ಣೆಯೋ ಬೆಣ್ಣೆಯೋ ಬೆರೆಸಿ ಕಾಡಿಗೆ ಮಾಡುವುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ತಾಳೆಗರಿಯ ಅಕ್ಷರ ಎದ್ದು ಕಾಣಲು ತೀಡುತ್ತಿದ್ದದ್ದೂ ಮಸಿಯನ್ನೇ. ಅದೇ ಮಸಿಯನ್ನು ರಬ್ಬರಿಗೆ ಕಲಸಿದರೆ ಏನಾಗುತ್ತದೆ ಎಂದು ಕಂಡುಕೊಂಡದ್ದು 1904ರಲ್ಲಿ, ಲಂಡನ್ನಿನ ಸಿಲ್ವರ್‌ಟೌನ್ ಎಂಬಲ್ಲಿಯ ರಬ್ಬರು ಕಾರ್ಖಾನೆಯಲ್ಲಿ. ಎಸ್.ಸಿ. ಮೋಟ್ ಎಂಬ ತಜ್ಞ ಮತ್ತು ಅವನ ಜೊತೆಗಾರರು ಅದನ್ನು ಪರೀಕ್ಷಿಸಿದರು. ಹತ್ತು ಹದಿನೈದು ವರ್ಷಗಳಲ್ಲಿ ಅಮೆರಿಕದ ಟೈರು ಕಂಪನಿಗಳು ಆ ವಿದ್ಯೆಯನ್ನು ದೊಡ್ಡದಾಗಿ ಬಳಸತೊಡಗಿದವು. ಅವರಿಗೆ ಮಸಿ ಒದಗಿಸಿದವರಲ್ಲಿ ಬಿನ್ನಿ ಮತ್ತು ಸ್ಮಿತ್ ಎಂಬ ಕಂಪನಿಯೂ ಒಂದು. ಮಕ್ಕಳು ಬಣ್ಣ ಹಚ್ಚುವ ಕ್ರಯೋಲಾ ಕಡ್ಡಿಗಳನ್ನು 1903ರಲ್ಲಿ ಮಾರುಕಟ್ಟೆಗೆ ತಂದವರೂ ಅವರೇ.

ಮಸಿ ಬೆರೆಸಿದ ರಬ್ಬರು ಬಿಳಿಯ ರಬ್ಬರಿಗಿಂತ ಹಲವು ಪಟ್ಟು ಹೆಚ್ಚು ಬಾಳುತ್ತದೆ. ಮಸಿಯ ಕಣ ಬಹಳ ನಯ. ರಬ್ಬರಿನ ಎಳೆಗಳು ಅದಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಎಳೆದರೆ ಬೇಗ ಹರಿಯುವುದಿಲ್ಲ, ಉಜ್ಜಿದರೆ ಬೇಗ ಸವೆಯುವುದಿಲ್ಲ. ಬಿಸಿಲಿನ ನೇರಳಾತೀತ ಕಿರಣಗಳನ್ನು ಮಸಿ ಹೀರಿಕೊಳ್ಳುವುದರಿಂದ ರಬ್ಬರು ಬಿರಿಯುವುದೂ ಕಡಿಮೆ. ಹಾಲಿಗೆ ಮಸಿ ಬಿದ್ದರೆ ಕೆಟ್ಟಿತು ಎನ್ನುತ್ತೇವೆ. ರಬ್ಬರಿನ ಹಾಲಿಗೆ ಮಾತ್ರ ಮಸಿ ಬಿದ್ದು ಆಯುಷ್ಯ ಬಂತು.

ಈಗ ನಮ್ಮ ಪಟ್ಟಿ ಹುಟ್ಟುತ್ತದೆ. ಟೈರಿನಲ್ಲಿ ಹೆಚ್ಚು ಸವೆಯುವುದು ನೆಲಕ್ಕೆ ತಾಗುವ ಮೈ. ಹಾಗಾಗಿ ಮೊದಮೊದಲು ಕಾರ್ಖಾನೆಯವರು ಮಸಿಯ ರಬ್ಬರನ್ನು ಅಲ್ಲಿಗೆ ಮಾತ್ರ ಹಾಕಿದರು. ಪಕ್ಕೆಯ ರಬ್ಬರು ಮೊದಲಿನಂತೆ ಬಿಳಿಯಾಗಿಯೇ ಉಳಿಯಿತು. ಬಿಳಿ ಪಕ್ಕೆಯ ಟೈರು ಯಾರೋ ಚೆಲುವಿಗೆಂದು ಕೂತು ಯೋಚಿಸಿ ಮಾಡಿದ್ದಲ್ಲ. ಹೊಸ ರಬ್ಬರನ್ನು ಬೇಕಾದಷ್ಟೇ ಬಳಸಿದ್ದರಿಂದ ಉಳಿದುಕೊಂಡ ಹಳೆಯ ಬಣ್ಣ ಅದು. ನೇಕಾರರ ಮಾತಿನಲ್ಲಿ ಹೇಳುವುದಾದರೆ ಅದು ಸೀರೆಗೆ ಬೇಕೆಂದು ನೇಯ್ದ ದಡಿಯಲ್ಲ, ಬಣ್ಣ ಮುಟ್ಟದೆ ಉಳಿದ ಅಂಚು.

ಆಗ ಹೆಚ್ಚು ಮರ್ಯಾದೆ ಯಾವುದಕ್ಕೆ ಇತ್ತು ಗೊತ್ತೇ? ಪೂರ್ತಿ ಕಪ್ಪಾದ ಟೈರಿಗೆ! ಪೂರ್ತಿ ಮಸಿಯ ರಬ್ಬರೆಂದರೆ ಹೊಸದು, ಗಟ್ಟಿ, ಕೊಳೆ ಕಾಣುವುದಿಲ್ಲ. ಬಿಳಿಯ ಪಕ್ಕೆಯನ್ನು ದಿನದಿನವೂ ತಿಕ್ಕಿ ತೊಳೆಯಬೇಕಿತ್ತು. ಎಲ್ಲ ಟೈರುಗಳೂ ಕಪ್ಪಾಗುತ್ತ ಬಂದಮೇಲೆ ಲೆಕ್ಕ ತಿರುಗಿತು. ಎಲ್ಲರಲ್ಲೂ ಇರುವುದಕ್ಕೆ ಬೆಲೆ ಇಲ್ಲ ನೋಡಿ. ತೊಳೆಯಲು ಆಳು ಇದ್ದವನಿಗೆ ಮಾತ್ರ ಬಿಳಿ ಪಕ್ಕೆ ಸಾಧ್ಯ. ಅದರಿಂದ ಬಿಳಿ ಪಕ್ಕೆಯೇ ಸಿರಿವಂತಿಕೆಯ ಗುರುತಾಯಿತು. ಅಮೆರಿಕದ ಚಿಕಾಗೋ ಊರಿನ ವೋಗ್ ಕಂಪನಿ 1914ರಿಂದಲೇ ಸಾರಥಿಯಿಟ್ಟ ವಾಹನಗಳವರಿಗೆ ಇಂಥ ಟೈರು ಮಾರುತ್ತಿತ್ತು. 1934ರಲ್ಲಿ ಫೋರ್ಡ್ ಕಂಪನಿಯು 11 ಡಾಲರ್ 25 ಸೆಂಟ್ ಹೆಚ್ಚು ಕೊಟ್ಟರೆ ಹೊಸ ಕಾರಿಗೆ ಬಿಳಿ ಪಕ್ಕೆಯ ಟೈರು ಹಾಕಿಕೊಡುತ್ತೇವೆಂದಿತು. ಚಕ್ರ ಒಂದು ಸುತ್ತು ಬಂದಿತ್ತು: ಬಡ ಉಳಿಕೆಯಾಗಿದ್ದದ್ದು ಈಗ ದುಡ್ಡು ಕೊಟ್ಟು ಕೊಳ್ಳುವ ಆಭರಣ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನ ವಶವಾಯಿತು. ಮಲಯಾದ ಮತ್ತು ಆಗ್ನೇಯ ದ್ವೀಪಗಳ ರಬ್ಬರು ತೋಟಗಳೆಲ್ಲ ಹೋದವು. ಅಮೆರಿಕಕ್ಕೆ ಬರುತ್ತಿದ್ದ ರಬ್ಬರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿಂತುಹೋಯಿತು. ಆ ದೇಶದಲ್ಲಿ ರೇಷನ್ನಿಗೆ ಮೊದಲು ಸೇರಿದ್ದು ಸಕ್ಕರೆಯಲ್ಲ, ಟೈರು. ಟೈರು ಸವೆಯಬಾರದೆಂದು ಗಂಟೆಗೆ 35 ಮೈಲಿ ಮೀರಿ ಓಡಿಸಬಾರದೆಂದು ಆಜ್ಞೆಯಾಯಿತು. ಬಿಳಿ ಪಟ್ಟಿಯನ್ನು ಕೇಳುವವರೇ ಇಲ್ಲ. ಅದೇ ಕಾಲಕ್ಕೆ ತಿರುವಾಂಕೂರು, ಕೊಚ್ಚಿ, ಸಿಂಹಳಗಳ ರಬ್ಬರಿಗೆ ಎಂದೂ ಇಲ್ಲದ ಬೇಡಿಕೆ ಬಂತು. 1942ರಲ್ಲಿ ಸರ್ಕಾರ ರಬ್ಬರಿನ ಬೆಳೆ ಮತ್ತು ಬೆಲೆಯನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ 1947ರಲ್ಲಿ ರಬ್ಬರು ಕಾನೂನು ಬಂತು; ಇಂದು ಕೋಟ್ಟಯಮ್ಮಿನಲ್ಲಿರುವ ರಬ್ಬರ್ ಬೋರ್ಡಿಗೆ ಅದೇ ಅಡಿಗಲ್ಲು.

ಯುದ್ಧಾನಂತರ ಬಿಳಿ ಪಟ್ಟಿ ಮತ್ತೆ ಬಂತು. ಅಮೆರಿಕದ 1950ರ ದಶಕದ ಕಾರುಗಳಲ್ಲಿ ಅದು ಅಂಗೈಯಷ್ಟು ಅಗಲವಿರುತ್ತಿತ್ತು. 1957ರಲ್ಲಿ ಕ್ಯಾಡಿಲಾಕ್ ಕಂಪನಿಯ ಒಂದು ದುಬಾರಿ ಕಾರು ಒಂದೇ ಇಂಚಿನ ಸಣ್ಣ ಪಟ್ಟಿಯೊಂದಿಗೆ ಬಂತು. 1962ರ ಹೊತ್ತಿಗೆ ಹೆಚ್ಚಿನ ಕಂಪನಿಗಳು ಸಣ್ಣ ಪಟ್ಟಿಗೇ ಹೊರಳಿದ್ದವು. ಆಮೇಲೆ ಅದು ಇನ್ನೂ ಸಣ್ಣದಾಯಿತು, ಬಿಳಿ ಅಕ್ಷರಗಳಾಯಿತು, ಕೊನೆಗೆ ಮಾಯವಾಗುತ್ತ ಹೋಯಿತು. ಕಾರಣ ಬರೀ ಫ್ಯಾಷನ್ ಅಲ್ಲ, ಟೈರಿನ ಮೈಕಟ್ಟೇ ಬದಲಾದದ್ದು.

ಹಳೆಯ ಟೈರಿನ ಒಳಗೆ ದಾರಗಳನ್ನು ಚಾಪೆ ಹೆಣೆದಂತೆ ಓರೆಯಾಗಿ, ಒಂದರ ಮೇಲೊಂದು ಅಡ್ಡಡ್ಡ ಹಾಸುತ್ತಿದ್ದರು. ಅದರ ಪಕ್ಕೆ ಬಿಗಿ. 1946ರಲ್ಲಿ ಮಿಶೆಲಿನ್ ಕಂಪನಿ ಪೇಟೆಂಟು ಪಡೆದ ರೇಡಿಯಲ್ ಟೈರಿನಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ; ನೆಲಕ್ಕೆ ತಾಗುವ ಮೈಯ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿ ಸುತ್ತಿರುತ್ತದೆ. ನೆಲ ಹಿಡಿಯುವ ಮೈ ಗಟ್ಟಿ, ಪಕ್ಕೆ ಮಾತ್ರ ಮೆದು. ಟೈರು ಬಾಳಿಕೆ ಬಂತು, ಹಿಡಿತ ಬಂತು. ಇಂದಿನ ಕಾರುಗಳದ್ದೆಲ್ಲ ಈ ಬಗೆಯೇ. ಆದರೆ ಗಾಲಿ ಉರುಳಿದಂತೆಲ್ಲ ಆ ಮೆದು ಪಕ್ಕೆ ಉಬ್ಬಿ ಇಳಿಯುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಡಿ. ಮುಂದಿನ ಎಚ್ಚರಿಕೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ನಮ್ಮ ದೇಶದ ಮಾತನ್ನೂ ಸ್ವಲ್ಪ ಹೇಳಬೇಕು. ಡನ್‌ಲಪ್ ಕಂಪನಿ 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಟೈರು ಕಾರ್ಖಾನೆ ತೆರೆಯಿತು. ಕೆ.ಎಂ. ಮಾಮ್ಮನ್ ಮಾಪ್ಪಿಳ್ಳೈ ಅವರು 1946ರಲ್ಲಿ ಮದರಾಸಿನ ತಿರುವೊಟ್ಟಿಯೂರಿನಲ್ಲಿ ಮಕ್ಕಳ ಬಲೂನು ಮಾಡುತ್ತ ಶುರುಮಾಡಿದ ಎಂ.ಆರ್.ಎಫ್. ಮುಂದೆ ಟೈರಿನ ದೊಡ್ಡ ಹೆಸರಾಯಿತು. ನಮ್ಮ ಮೈಸೂರಿನಲ್ಲಿ ವಿಕ್ರಾಂತ್ ಟೈರು ಕಾರ್ಖಾನೆ ಎದ್ದಿತು. 1997ರಲ್ಲಿ ಅದು ಜೆ.ಕೆ. ಕಂಪನಿಯ ಕೈ ಸೇರಿತು. 1950ರ ದಶಕದ ಕೊನೆಯಲ್ಲಿ ಬಂದು 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಎತ್ತರದ ಗಾಲಿಯನ್ನು ನೀವೆಲ್ಲ ಬಲ್ಲಿರಿ. ಆ ಮಾದರಿಯ ಕಾರಿಗೆ ಬಿಳಿ ಪಟ್ಟಿ ಒಪ್ಪುತ್ತದೆ, ಏಕೆಂದರೆ ಅದರ ಟೈರಿನ ಪಕ್ಕೆ ಎತ್ತರ.

ಸರಿ, ಈಗ ಹೊಸ ಕಾರಿಗೆ ಬರೋಣ. ಬಿಳಿ ಪಟ್ಟಿ ಪಡೆಯಲು ಇರುವ ದಾರಿಗಳು ನಾಲ್ಕು.

ಮೊದಲನೆಯದು, ಕಾರ್ಖಾನೆಯಲ್ಲಿಯೇ ಬಿಳಿ ರಬ್ಬರು ಸೇರಿಸಿ ಮಾಡಿದ ಟೈರು. ಪಕ್ಕೆಯ ರಬ್ಬರಿನೊಳಗೆ ಒಂದು ಬಿಳಿ ಪಟ್ಟೆಯನ್ನಿಟ್ಟು, ಮೇಲೆ ತೆಳುವಾದ ಕಪ್ಪು ಹೊದಿಕೆ ಹಾಕಿ ಬೇಯಿಸುತ್ತಾರೆ. ಬೆಂದ ಮೇಲೆ ಮೇಲಿನ ಕಪ್ಪನ್ನು ಉಜ್ಜಿ ತೆಗೆದರೆ ಒಳಗಿನ ಬಿಳಿ ಹೊರಗೆ ಕಾಣುತ್ತದೆ. ಅಮೆರಿಕದ ಟೆನಿಸ್ಸಿ ರಾಜ್ಯದ ಕೋಕರ್ ಕಂಪನಿಯಂಥವು ಹಳೆಯ ಕಾರುಗಳಿಗಾಗಿ ಇವನ್ನು ಮಾರುತ್ತವೆ. ಎರಡನೆಯದು, ಒಳ್ಳೆಯ ರೇಡಿಯಲ್ ಟೈರಿನ ಪಕ್ಕೆಗೆ ಬಿಳಿ ರಬ್ಬರನ್ನು ಶಾಖದಿಂದ ಬೆಸೆಯುವುದು. ಇದಕ್ಕೆ ತಕ್ಕ ಯಂತ್ರ ಮತ್ತು ಅನುಭವ ಎರಡೂ ಇರುವ ಕಾರ್ಖಾನೆಯೇ ಆಗಬೇಕು. ಈ ಎರಡು ದಾರಿಗಳು ದುಬಾರಿ, ಆದರೆ ಬಿಳಿಯು ಟೈರಿನ ಮೈಯೊಂದಿಗೆ ಒಂದಾಗಿರುತ್ತದೆ.

ಮೂರನೆಯದು ರಬ್ಬರಿನ ಬಿಳಿ ಬಳೆ. ಟೈರಿನ ಗಾಳಿ ತೆಗೆದು, ಹೊರಗಡೆಯ ಅಂಚನ್ನು ರಿಮ್ಮಿನಿಂದ ಬಿಡಿಸಿ, ಬಳೆಯನ್ನು ಟೈರು ಮತ್ತು ರಿಮ್ಮಿನ ನಡುವೆ ಸಿಕ್ಕಿಸಿ, ಮತ್ತೆ ಗಾಳಿ ತುಂಬುತ್ತಾರೆ. ಹಳೆಯ ಬಿಗಿ ಪಕ್ಕೆಯ ಟೈರಿಗೆ ಅದು ಹೇಗೋ ನಡೆಯುತ್ತಿತ್ತು. ರೇಡಿಯಲ್ ಟೈರಿನಲ್ಲಿ ಪಕ್ಕೆ ಉಬ್ಬಿ ಇಳಿಯುವಾಗ ಬಳೆ ಅದಕ್ಕೆ ಉಜ್ಜುತ್ತದೆ. ನಡುವೆ ಮರಳು ಮಣ್ಣು ಸೇರಿದರೆ ಅರದಿಂದ ತಿಕ್ಕಿದಂತೆಯೇ. ವೇಗ ಹೆಚ್ಚಾದರೆ ಬಳೆಯ ಹೊರ ಅಂಚು ಬಡಿದುಕೊಳ್ಳುತ್ತದೆ. ಬಳೆ ಟೈರಿನ ಅಂಚಿನ ಅಡಿ ಸಿಕ್ಕಿಬಿದ್ದರೆ ಟ್ಯೂಬಿಲ್ಲದ ಟೈರಿನಿಂದ ಗಾಳಿ ಸೋರುತ್ತದೆ. ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ ಇದು ಆದೀತು, ಹೆದ್ದಾರಿಗೆ ಬೇಡ.

ನಾಲ್ಕನೆಯದು ಬಣ್ಣ ಬಳಿಯುವುದು. ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ. ಸಣ್ಣ ಕಾರಿನ ಗಾಲಿಯ ಸುತ್ತಳತೆ ಸುಮಾರು 1 ಮೀಟರ್ 95 ಸೆಂಟಿಮೀಟರ್. ಅಂದರೆ ಒಂದು ಕಿಲೋಮೀಟರಿಗೆ ಅದು 500ಕ್ಕೂ ಹೆಚ್ಚು ಸಲ ಉರುಳುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಆ ಒಂದು ದಾರಿ ಮುಗಿಯುವುದರೊಳಗೆ ಪಕ್ಕೆಯ ಪ್ರತಿಯೊಂದು ಜಾಗವೂ ಇಪ್ಪತ್ತು ಸಾವಿರ ಸಲ ಮಡಚಿ ಬಿಚ್ಚಿರುತ್ತದೆ. ಬಾಗಿಲಿಗೆ ಬಳಿಯುವ ಎನಾಮೆಲ್ ಬಣ್ಣ ಇದನ್ನು ತಾಳೀತೇ? ಬಿರಿದು ಹಪ್ಪಳದಂತೆ ಉದುರುತ್ತದೆ. ಅಷ್ಟೇ ಆದರೆ ಚಿಂತೆಯಿಲ್ಲ. ಬಣ್ಣದ ತೆಳುಗಾರಕ ದ್ರವ ರಬ್ಬರನ್ನೂ ತಿನ್ನುತ್ತದೆ. ರಬ್ಬರಿಗೆಂದೇ ಇರುವ ಬಣ್ಣ ತುಸು ವಾಸಿ, ಆದರೆ ಅದೂ ಕೆಲವು ತಿಂಗಳ ನೆಂಟ.

ಐದನೆಯ ದಾರಿಯೊಂದನ್ನು ಯಾರಾದರೂ ತೋರಿಸಿದರೆ ಕೈಮುಗಿದು ಬಂದುಬಿಡಿ. ಗ್ರೈಂಡರ್ ಹಿಡಿದು ಕಪ್ಪು ಟೈರಿನ ಪಕ್ಕೆಯನ್ನು ಕೊರೆದು ಬಿಳಿ ರಬ್ಬರು ಅಂಟಿಸುತ್ತೇವೆ ಎನ್ನುವವರು ಇದ್ದಾರೆ. ಪಕ್ಕೆಯ ರಬ್ಬರು ಬಹಳ ತೆಳು, ಅದರ ಹಿಂದೆಯೇ ದಾರಗಳಿವೆ. ದಾರ ಗಾಯವಾದ ಟೈರು ಊರಿನ ಓಣಿಯಲ್ಲಿ ಸುಮ್ಮನಿದ್ದು ಹೆದ್ದಾರಿಯ ಬಿಸಿಲಿನಲ್ಲಿ, ಕಾರಿನ ತುಂಬ ಜನರಿರುವಾಗ ಒಡೆಯುತ್ತದೆ. ಮದುವೆಯ ದಿಬ್ಬಣದ ಕಾರಿನಲ್ಲಿ ಕೂತಿರುವವರು ಯಾರು ಎಂದು ಒಮ್ಮೆ ಯೋಚಿಸಿರಿ.

ಇನ್ನು ಅಳತೆಯ ಮಾತು. ಟೈರಿನ ಪಕ್ಕೆಯ ಮೇಲೆ 185/65 ಆರ್ 15 ಎಂದೇನೋ ಬರೆದಿರುತ್ತದೆ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕೆಯ ಎತ್ತರ ಆ ಅಗಲದ ನೂರರಲ್ಲಿ 65 ಪಾಲು, ಅಂದರೆ ಸುಮಾರು 120 ಮಿಲಿಮೀಟರ್. ಆರ್ ಎಂದರೆ ರೇಡಿಯಲ್. 15 ಎಂದರೆ ರಿಮ್ಮಿನ ಅಳತೆ, ಇಂಚಿನಲ್ಲಿ. ನಾಲ್ಕು ಬೆರಳಗಲದ ಬಿಳಿ ಪಟ್ಟಿ ಬೇಕೆನ್ನುವವರು ಮೊದಲು ಈ ಪಕ್ಕೆಯ ಎತ್ತರ ನೋಡಬೇಕು. 165/80 ಆರ್ 14 ಟೈರಿನಲ್ಲಿ ಪಕ್ಕೆ 132 ಮಿಲಿಮೀಟರ್. 205/55 ಆರ್ 16ರಲ್ಲಿ 113 ಮಾತ್ರ. ಪಕ್ಕೆ ಗಿಡ್ಡವಾದಷ್ಟೂ ಪಟ್ಟಿ ಸಣ್ಣದಿರಬೇಕು. ಗಿಡ್ಡ ಪಕ್ಕೆಗೆ ಅಗಲ ಪಟ್ಟಿ ಹಾಕಿದರೆ ಸಣ್ಣ ಮುಖಕ್ಕೆ ದೊಡ್ಡ ನತ್ತು ತೊಡಿಸಿದ ಹಾಗೆ.

ಪಟ್ಟಿಗಾಗಿ ಟೈರಿನ ಅಳತೆಯನ್ನೇ ಬದಲಿಸುವುದಾದರೆ ಹೊರಗಿನ ಒಟ್ಟು ಎತ್ತರ ಬದಲಾಗದಂತೆ ನೋಡಿಕೊಳ್ಳಿ. ಮೇಲೆ ಹೇಳಿದ 165/80 ಆರ್ 14 ಮತ್ತು 185/65 ಆರ್ 15, ಎರಡರ ಎತ್ತರವೂ ಹತ್ತಿರಹತ್ತಿರ 620 ಮಿಲಿಮೀಟರ್. ಅದರ ಬದಲು 165/80 ಆರ್ 15 ಹಾಕಿದರೆ ಎತ್ತರ 645 ಆಗುತ್ತದೆ. ಆಗ ನಿಮ್ಮ ಮೀಟರು 60 ತೋರಿಸುವಾಗ ಕಾರು ನಿಜವಾಗಿ ಸುಮಾರು 62ರಿಂದ 63ರ ವೇಗದಲ್ಲಿ ಓಡುತ್ತಿರುತ್ತದೆ. ಗಾಲಿ ತಿರುಗಿಸುವಾಗ ಮಡ್‌ಗಾರ್ಡಿಗೆ ತಾಗಲೂಬಹುದು. ಅಳತೆಯ ಮುಂದೆ 88 ಎಚ್ ಎಂದು ಇನ್ನೊಂದು ಗುರುತಿರುತ್ತದೆ. 88 ಎಂದರೆ ಒಂದು ಟೈರು 560 ಕಿಲೋ ಭಾರ ಹೊರಬಲ್ಲುದು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ಅದು ತಾಳಬಲ್ಲುದು. ನಿಮ್ಮ ಕಾರಿಗೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಗುರುತಿನ ಟೈರನ್ನು ಚೆಲುವಿಗಾಗಿ ಹಾಕಿಸಬೇಡಿ. ಹಾಗೆಯೇ ಪಕ್ಕೆಯಲ್ಲಿ ನಾಲ್ಕು ಅಂಕಿಗಳು ಒಟ್ಟಿಗೆ ಇರುತ್ತವೆ. 2319 ಎಂದಿದ್ದರೆ ಆ ಟೈರು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾಯಿತೆಂದು ಅರ್ಥ. ಬಿಳಿ ಪಟ್ಟಿಯ ಟೈರುಗಳು ಬೇಗ ಖರ್ಚಾಗುವ ಮಾಲಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿರಬಹುದು. ತಾರೀಖು ನೋಡಿಯೇ ಕೊಳ್ಳಿ. ನಾಲ್ಕೂ ಗಾಲಿಗೆ ಒಂದೇ ಬಗೆಯದನ್ನು ಹಾಕಿಸಿ, ಹಾಕಿಸಿದ ಮೇಲೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ.

ಹೊಸ ಬಿಳಿ ಪಟ್ಟಿಯ ಟೈರಿನ ಮೇಲೆ ಹೆಚ್ಚಾಗಿ ಒಂದು ನೀಲಿ ಲೇಪ ಇರುತ್ತದೆ. ಅದು ಕೊಳೆಯಾಗದಂತೆ ಕಾಪಾಡುವ ಹೊದಿಕೆ. ಓಡಿಸುವ ಮೊದಲು ನೀರು ಸೋಪು ಹಾಕಿ ತೊಳೆದುಬಿಡಿ. ದಿನ ಕಳೆದಂತೆ ಬಿಳಿ ಕಂದಾಗುವುದುಂಟು. ಕಪ್ಪು ರಬ್ಬರು ಬಿರಿಯದಂತೆ ಅದಕ್ಕೆ ಬೆರೆಸಿದ ರಾಸಾಯನಿಕ ಮೆಲ್ಲಗೆ ಹೊರಬಂದು ಬಿಳಿಗೆ ಹತ್ತುವುದೇ ಕಾರಣ. ಸೋಪು ಮತ್ತು ಬ್ರಷ್ಷಿನಿಂದ ತಿಕ್ಕಿದರೆ ಹೋಗುತ್ತದೆ. ಪೆಟ್ರೋಲು, ಸೀಮೆಎಣ್ಣೆ ಹಾಕಿ ಒರೆಸಬೇಡಿ. ಅವು ರಬ್ಬರಿಗೆ ಶತ್ರುಗಳು.

ಇಷ್ಟೆಲ್ಲ ಎಚ್ಚರಿಕೆ ಹೇಳಿದ್ದರಿಂದ ಅಲಂಕಾರವೇ ತಪ್ಪು ಎಂದು ಭಾವಿಸಬೇಡಿ. ಕಾರಹುಣ್ಣಿಮೆಯ ದಿನ ನಮ್ಮ ರೈತರು ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಗಡಿಯಾಚೆ ಮರಾಠಿ ಬಂಧುಗಳು ಅದೇ ದಿನವನ್ನು ಕರ್ನಾಟಕಿ ಬೇಂದೂರ ಎಂದು ಕರೆದು ಆಚರಿಸುತ್ತಾರೆ. ದುಡಿಯುವ ಜೀವಕ್ಕೆ ವರ್ಷಕ್ಕೊಮ್ಮೆ ಚೆಲುವು ಮಾಡುವುದು ನಮ್ಮ ಸಂಸ್ಕಾರ. ಆದರೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವ ರೈತ ಅದರ ಗೊರಸನ್ನು ನೋಡದೆ ಬಿಡುವುದಿಲ್ಲ. ಗೊರಸು ಸರಿಯಿಲ್ಲದ ಎತ್ತಿಗೆ ಗೊಂಡೆ ಕಟ್ಟಿ ಗಾಡಿಗೆ ಹೂಡುವವನನ್ನು ಊರು ಮೆಚ್ಚುವುದಿಲ್ಲ. ಕಾರಿಗೂ ಇದೇ ನೀತಿ.

ಇನ್ನೊಂದು ಮಾತು. ರಬ್ಬರಿನ ನೂರಾರು ವರ್ಷದ ಕಥೆಯಲ್ಲಿ ಚೆಲುವು ಕೊಂಡವರ ಹೆಸರು, ಕಂಪನಿಗಳ ಹೆಸರು ಉಳಿದಿದೆ. ಕಾಂಗೋದಲ್ಲಿ ಕೈ ಕಳೆದುಕೊಂಡ ಹೆಚ್ಚಿನವರ ಹೆಸರು ಉಳಿಯಲಿಲ್ಲ. ನಿಮ್ಮ ಊರಿನ ಗುಡ್ಡದಲ್ಲಿ ಬೆಳಗಿನ ಜಾವ ದೀಪ ಕಟ್ಟಿಕೊಂಡು ಹೊರಡುವ ಕೂಲಿಯವರಿಗೆ ಶೀಟಿನ ಬೆಲೆ ಕುಸಿದ ವರ್ಷ ಒಲೆಯೇ ಕುಸಿಯುತ್ತದೆ. ಟೈರು ಬಿಳಿಯಿರಲಿ, ಕಪ್ಪಿರಲಿ, ತೋಟದ ರಬ್ಬರು ಅದರಲ್ಲಿ ಸೇರಿರುವಷ್ಟು ದಿನ ಮೊದಲ ಹನಿ ಯಾರದೋ ಗೆರಟೆಯಿಂದಲೇ ಬಂದಿರುತ್ತದೆ. ಟೈರನ್ನು ಅಕಾಲದಲ್ಲಿ ಕೆಡಿಸದೆ, ಗಾಳಿ ಸರಿಯಾಗಿಟ್ಟು, ಪೂರ್ತಿ ಆಯುಷ್ಯ ಓಡಿಸುವುದು ನಿಮ್ಮ ಜೇಬಿಗೂ ಒಳ್ಳೆಯದು, ಆ ದುಡಿಮೆಗೆ ಸಲ್ಲುವ ಗೌರವವೂ ಹೌದು. ಅದನ್ನು ಮಾಡಿ, ಆಮೇಲೆ ಬೇಕಿದ್ದರೆ ಬಿಳಿ ಪಟ್ಟಿ ಹಾಕಿಸಿ, ಚೆನ್ನಾಗಿಯೇ ಕಾಣುತ್ತದೆ.